ಎರಡನೆಯ ಆಲ್ಬಮ್ಮೂ ಅಂಗಿಯ ವಾಸನೆಯೂ

ಐತವಾರ ಸಂಜೆ ನಮ್ಮ ಮನೆಯವರು ಬಿಚ್ಚಿ ಗೂಟಕ್ಕೆ ಹಾಕಿದ ಅಂಗಿಯನ್ನು ನಾನು ಮೂಸುತ್ತಿದ್ದೆ. ತೊಳೆಯಲು ಒಯ್ಯುವ ನೆವ ಮಾಡಿ ಕಾಲರಿನ ಹತ್ತಿರ ಒಂದು ಸಲ, ತೋಳಿನ ಹತ್ತಿರ ಒಂದು ಸಲ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ ಇರುವ ಹೆಂಗಸಿಗೆ ಒಪ್ಪುವ ಕೆಲಸವಲ್ಲ ಇದು. ಆದರೂ ಮಾಡುತ್ತಿದ್ದೆ.

ನಮ್ಮವರು ಆಳಂದದ ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರು. ವಾರವೆಲ್ಲ ಬಂಗಾರದಂಥ ಮನುಷ್ಯ, ಐತವಾರ ಮಾತ್ರ ಕುಡಿಯುತ್ತಿದ್ದರು. ಕೆಲವು ವರ್ಷದ ಹಿಂದೆ ಮಠದ ಅಜ್ಜಾವರು ಜೋಳಿಗೆ ಹಿಡಿದು ನಮ್ಮ ಓಣಿಗೆ ಬಂದರು. ಆ ಜೋಳಿಗೆಗೆ ಹಿಟ್ಟು, ಜೋಳ ಹಾಕುವಂತಿಲ್ಲ, ಚಟ ಹಾಕಬೇಕು. ಒಬ್ಬರು ಗುಟ್ಕಾ ಚೀಟಿ ಹಾಕಿದರು, ಇನ್ನೊಬ್ಬರು ಬೀಡಿ ಕಟ್ಟು. ನಮ್ಮವರು ಒಳಗೆ ಹೋಗಿ ಅರ್ಧ ತುಂಬಿದ ಬಾಟಲಿ ತಂದು ಹಾಕಿ ಪಾದ ಮುಟ್ಟಿದರು. ಪೂಜೆ ಮುಗಿಸಿ ದೇವರ ಉಪಕಾರ ನೆನೆಯುವಾಗ ಇವತ್ತಿಗೂ ನನಗೆ ಅದೇ ಮೊದಲು. ನಲ್ಲಿಗೆ ನೀರು ಬಂದದ್ದು, ಹಬ್ಬ ಮುಗಿಯುವ ತನಕ ಸಿಲಿಂಡರ್ ತಡೆದದ್ದು, ಎಲ್ಲ ಅದರ ಹಿಂದೆ.

ಆಮೇಲೆ ಮನೆಗೆ ಗಿಟಾರ್ ಬಂತು. ಐತವಾರ ಬಂದರೆ ಅದನ್ನು ಬೆನ್ನಿಗೆ ಕಟ್ಟಿಕೊಂಡು ಅಫಜಲಪುರ ತಾಲೂಕಿನ ಅತನೂರಿಗೆ ಹೊರಡುತ್ತಾರೆ. ಅಲ್ಲಿ ಕಬ್ಬು ಬೆಳೆಯುವ ಬಶೀರಣ್ಣನ ಟ್ರ್ಯಾಕ್ಟರ್ ಶೆಡ್ಡು ಇದೆ. ಬಶೀರಣ್ಣನದು ಡ್ರಮ್ಮು, ಜೇವರ್ಗಿಯ ಬಸ್ ಕಂಡಕ್ಟರ್ ಶರಣಪ್ಪನದು ಹಾಡು. ಮೂವರ ತಲೆಯೂ ಬೆಳ್ಳಗಾಗಿದೆ. ಒಂದು ಆಲ್ಬಮ್ ಮಾಡಿ ಮೊಬೈಲಿನಲ್ಲಿ ಬಿಟ್ಟರು. ನಾನೂ ಕೇಳಿದೆ. ಹಿಟ್ಟಿನ ಗಿರಣಿಯೊಳಗೆ ಯಾರೋ ಕುಳಿತು ಅತ್ತ ಹಾಗಿತ್ತು.

“ಇದಕ್ಕ ಏನಂತಾರ್ರಿ?”

“ಸೈಕೆಡೆಲಿಕ್ ಗ್ಯಾರೇಜ್ ರಾಕ್.”

“ಹಂಗಂದ್ರ?”

“ಗ್ಯಾರೇಜ್ ಅಂದ್ರ ಶೆಡ್ಡಿನಾಗ ಬಾರಸೂದು. ಸೈಕೆಡೆಲಿಕ್ ಅಂದ್ರ, ಕುಡೀಲಾರದೇ ಕುಡದಂಗ ಆಗೂದು ನೋಡು.”

ಈ ಮಾತನ್ನು ಅವರು ನನ್ನ ಮುಂದೆ ಆಡಬಾರದಿತ್ತು. ಕುಡಿತ ಬಿಟ್ಟವರಿಗೆ ಕುಡಿದಂತೆ ಆಗುವುದಾದರೂ ಯಾಕೆ ಬೇಕು? ಅಮಾವಾಸ್ಯೆಗೆ ಜಿಡಗಾ ಮಠಕ್ಕೆ ಹೋದಾಗ ಏಕತಾರಿಯ ಭಜನೆಯಲ್ಲಿ ತಲೆ ತೂಗುವವರನ್ನು ನೋಡಿದ್ದೇನೆ. ಕಣ್ಣು ಮುಚ್ಚಿ ತೂಗುತ್ತ ಅವರು ಎಲ್ಲಿಗೋ ಹೋಗಿಬಿಡುತ್ತಾರೆ. ಅವರ ಅಂಗಿಯನ್ನು ಯಾವ ಹೆಂಡತಿಯೂ ಮೂಸುವುದಿಲ್ಲ, ಅದೂ ನಿಜ. ಏಕತಾರಿಗೆ ಒಂದು ನ್ಯಾಯ, ಗಿಟಾರಿಗೆ ಒಂದು ನ್ಯಾಯ ಎಂದು ನಮ್ಮವರು ಆಡಿಕೊಂಡರೆ ಒಪ್ಪಿಕೊಳ್ಳಬೇಕಾದೀತು.

ಆಲ್ಬಮ್ ಮುಗಿದ ಮೇಲೆ ಕೆಲವು ಐತವಾರ ಅವರು ಮನೆಯಲ್ಲೇ ಕುಳಿತರು. ಹೋಗಲಿ, ಒಂದು ಹುಚ್ಚು, ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಎರಡನೆಯ ಆಲ್ಬಮ್ ಶುರುವಾಯಿತು.

ನನಗೆ ಈ ಎರಡನೆಯದರ ಮೇಲೆ ಮೊದಲಿನಿಂದಲೂ ಸಂಶಯ. ಹಂಚಿನ ಮೇಲೆ ಮೊದಲ ರೊಟ್ಟಿ ಸೀದರೆ ಉರಿ ಹೆಚ್ಚಾಯಿತು ಅನ್ನಬಹುದು. ಎರಡನೆಯದೂ ಸೀದರೆ ಅದು ಕೈಯ ದೋಷ. ಬೀಗರು ಒಮ್ಮೆ ಬಂದರೆ ಪ್ರೀತಿ, ಅದೇ ವಾರ ಮತ್ತೆ ಬಂದರೆ ಏನೋ ಕೆಲಸವಿದೆ. ಮೊದಲನೆಯದು ಯಾರಿಗಾದರೂ ಆಗಿಬಿಡುತ್ತದೆ. ಎರಡನೆಯದನ್ನು ಮನುಷ್ಯ ಗೊತ್ತಿದ್ದೇ ಮಾಡುತ್ತಾನೆ.

ಇದಕ್ಕೆ ಸರಿಯಾಗಿ ಅಂಗಿಗೆ ವಾಸನೆ ಬಂತು. ಸಿಹಿ ಹುಳಿ ಬಂದಂಥ, ಕೊಳೆತಂಥ, ಮೂಗಿಗೆ ಹಳೆಯ ಪರಿಚಯದ ವಾಸನೆ. ಅವತ್ತು ಪೂಜೆಗೆ ಕುಳಿತರೆ ಉಪಕಾರ ನೆನೆಯಲು ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ.

“ಬರೂ ಐತವಾರ ನಾನೂ ಬರ್ತೇನ್ರಿ,” ಎಂದೆ.

“ಬಾ. ಹತ್ತಿ ತಗೊಂಡ್ ಬಾ.”

“ಯಾಕ?”

“ಕಿವಿಗೆ.”

ಶೆಡ್ಡಿಗೆ ಕಾಲಿಟ್ಟೊಡನೆ ಅದೇ ವಾಸನೆ. ಮೂಲೆಯಲ್ಲಿ ಒಂದು ಬ್ಯಾರಲ್ಲು. ಬಶೀರಣ್ಣ ಕುರ್ಚಿ ಒರೆಸಿ, “ಬರ್ರಿ ವೈನಿ, ಕುಂಡ್ರಿ,” ಎಂದ. ನಾನು ಕೂಡಲಿಲ್ಲ.

“ಅದರಾಗ ಏನೈತ್ರಿ?”

“ಕಾಕಂಬಿ ರೀ ವೈನಿ. ಸಕ್ಕರಿ ತಗದ ಮ್ಯಾಲ ಉಳೀತದಲ್ಲ, ಆ ಪಾಕ. ಎಮ್ಮಿ ಮೇವಿಗೆ ಕಲಸಾಕ ಇದೇ ತಿಂಗಳ ತಂದೀನಿ.”

“ವೈನಿ ನಂಬಲಿಲ್ಲ ಬಿಡೋ ಬಶ್ಯಾ,” ಎಂದ ಶರಣಪ್ಪ. “ಟಿಕೀಟು ತಗೀಲಾರದವನ್ನ ನಾ ನೋಡ್ತೀನಲ್ಲ, ಹಂಗ ನೋಡಾಕತ್ತಾರ.”

ನಂಬಲಿಲ್ಲವೆಂಬುದು ನಿಜ. ಮುಚ್ಚಳ ಸರಿಸಿ, ಬೆರಳು ಅದ್ದಿ, ಮೂವರ ಎದುರಿಗೇ ನೆಕ್ಕಿ ನೋಡಿದೆ. ಸಿಹಿ, ಹಿಂದೆಯೇ ಒಂದಿಷ್ಟು ಕಹಿ. ಎಮ್ಮೆಯ ಊಟ ತಿಂದು ಮುಖ ಒರೆಸಿಕೊಂಡೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಬಾರಿಸಲು ಶುರು ಮಾಡಿದರು. ಹತ್ತಿ ಇಟ್ಟುಕೊಂಡು ನಮ್ಮವರ ಕೈಯನ್ನೇ ನೋಡುತ್ತ ಕುಳಿತೆ. ಹೊತ್ತು ಇಳಿಯುವಾಗ ಆ ಕೈ ನಡುಗುವುದನ್ನು ಹಿಂದೆಲ್ಲ ಕಂಡಿದ್ದೇನೆ. ಬಾಟಲಿ ಸಿಕ್ಕುವ ತನಕ ನಿಲ್ಲುತ್ತಿರಲಿಲ್ಲ. ಈಗಲೂ ನಡುಗುತ್ತಿತ್ತು. ಆದರೆ ಬೆರಳು ತಂತಿಯ ಮೇಲಿತ್ತು, ತಂತಿಯೂ ಜೊತೆಗೆ ನಡುಗುತ್ತಿತ್ತು. ಗಿರಣಿಯೊಳಗೆ ಅತ್ತದ್ದು ಇದೇ. “ಭಾರಿ ಬಂತು ಮಾಸ್ತರ, ಅದನ್ನ ಬಿಡಬ್ಯಾಡ್ರಿ,” ಎಂದ ಬಶೀರಣ್ಣ. ನಾನು ಕಿವಿಯ ಹತ್ತಿ ತೆಗೆದೆ.

ವಾಪಸು ಬರುವಾಗ ಗಾಡಿಯ ಮೇಲೆ, ಮುಖ ಮುಂದಕ್ಕೇ ಇಟ್ಟುಕೊಂಡು ಹೇಳಿದರು: “ಮೊದಲನೇದು ಮುಗದ ಮ್ಯಾಲ ಐತವಾರ ಮನ್ಯಾಗ ಕುಂತಿದ್ನಲ್ಲ, ಭಾಳ ಕಠಿಣ ಆತ ನೋಡು. ಅಜ್ಜಾರ ಜೋಳಿಗ್ಯಾಗ ಕೈ ಹಾಕಿ ಬಾಟ್ಲಿ ಹೊಳ್ಳಿ ತಗೋಬೇಕು ಅನ್ನಸ್ತು. ಅದಕ್ಕ ಎರಡನೇದು ಹಿಡದ್ವಿ.”

ಅವರು ಮನೆಯಲ್ಲಿ ಕುಳಿತ ಆ ಐತವಾರಗಳನ್ನು ನಾನು ದೇವರ ಉಪಕಾರವೆಂದು ಎಣಿಸಿದ್ದೆ. ಶೆಡ್ಡಿಗೆ ಹೋದ ಐತವಾರಗಳನ್ನು ಎಣಿಕೆಯಿಂದ ಬಿಟ್ಟಿದ್ದೆ.

ಈ ಶ್ರಾವಣದಲ್ಲಿ ಅಜ್ಜಾವರು ಮತ್ತೆ ಜೋಳಿಗೆ ಹಿಡಿದು ಬಂದರು. “ನೀವೇನ್ ಹಾಕ್ತೀರಿ ತಾಯಿ?” ಎಂದರು. ನಾನು ಚಹಾ ಬಿಡಲೇ, ಧಾರಾವಾಹಿ ಬಿಡಲೇ ಎಂದು ಯೋಚಿಸುವಷ್ಟರಲ್ಲಿ ಹಿಂದಿನಿಂದ ನಮ್ಮವರು, “ಸಂಶಯ ಹಾಕಸ್ರಿ ಅಜ್ಜಾರ,” ಎಂದರು. ಅಜ್ಜಾವರು ನಕ್ಕು ಜೋಳಿಗೆ ಅಗಲಿಸಿದರು. ನಾನು ಮುಷ್ಟಿ ಕಟ್ಟಿ ಕೈ ಒಳಗಿಟ್ಟೆ, ಬಿಚ್ಚಿದೆ, ಮತ್ತೆ ಮುಷ್ಟಿ ಕಟ್ಟಿ ಹೊರತೆಗೆದೆ.

ಒಳಗೆ ಬಂದ ಮೇಲೆ, “ಖರೇನೇ ಹಾಕಿದ್ಯಾ, ಹೊಳ್ಳಿ ತಂದ್ಯಾ?” ಎಂದು ಕೇಳಿದರು. ನಾನು ಹಿಟ್ಟು ನಾದಲು ಕುಳಿತೆ.

ಆಲ್ಬಮ್ ಇನ್ನೂ ಮುಗಿದಿಲ್ಲ, ದೇವರ ದಯೆ. ಈಗ ಐತವಾರ ಸಂಜೆ ಅವರು ಬಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಾರೆ. ಆಮೇಲೆ ಬಾಗಿಲ ಮರೆಯಲ್ಲಿ ನಿಂತು, ನಾನು ಅದನ್ನು ಎತ್ತುತ್ತೇನೋ ಇಲ್ಲವೋ ಎಂದು ಹಣಿಕಿ ಹಾಕಿ ನೋಡುತ್ತಾರೆ.