ಹಸಿದ ಐದು ಕೌದಿ

ಅವ್ವ ಕೌದಿ ಹೊಲಿಯುತ್ತಿದ್ದುದು ಮಧ್ಯಾಹ್ನದ ಖುಷಿಗೆ. ಅದನ್ನು ವ್ಯಾಪಾರ ಮಾಡಿದ್ದು ನಾನು. ಸುರಪುರದ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ಮನೆಯಲ್ಲೂ ಸೋಲುವುದನ್ನು ಬಿಟ್ಟಿದ್ದೆ. ಹಳೆ ಸೀರೆ ಪದರಿಸಿ ಹೊಲಿದ ಹೊದಿಕೆಗೂ ಗಿರಾಕಿಗಳಿದ್ದಾರೆಂದು ಅವ್ವನನ್ನು ಒಪ್ಪಿಸಲು ಎರಡು ದಿನ ಸಾಕಾಯಿತು.

ಒಂದು ವಿಷಯಕ್ಕೆ ಮಾತ್ರ ಅವಳು ಬಗ್ಗಲಿಲ್ಲ. ನಮ್ಮ ಮನೆಯಲ್ಲಿ ಕೌದಿಯ ನಾಲ್ಕೂ ಮೂಲೆಯೊಳಗೆ ಒಣಗಿದ ಜೋಳದ ರೊಟ್ಟಿಯ ಚೂರಿಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಬೇಕಂತೆ. ಯಾದಗಿರಿಯ ಶಿಕ್ಷಕಿಯೊಬ್ಬರು ಕೊಂಡ ಮೊದಲ ಕೌದಿಯ ಮೂಲೆಯನ್ನು ಇಲಿ ಕಡಿದು, ಅದು ವಾಪಸ್ ಬಂತು. ನನಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ? ಬಟ್ಟೆಗೆ ಹೊಟ್ಟೆ ಎಲ್ಲಿದೆ, ತೋರಿಸು ಎಂದೆ. ಅವ್ವ ದಾರವನ್ನು ಹಲ್ಲಿನಿಂದ ಕಡಿದಳು.

"ನಿನ್ನ ಬಾಯಿಗರ ಹೊಟ್ಟಿ ಅದ ಏನು? ಮುಂಜಾನಿಂದ ನನ್ನ ತಲಿ ತಿನ್ನಾಕತ್ತಾದ."

ಆಮೇಲೆ ಶಹಾಪುರದ ಬಟ್ಟೆ ಅಂಗಡಿಯೊಂದರ ಯಜಮಾನಿ ಐದು ಕೌದಿ ಕೇಳಿದರು. ಹಿಡಿಸಿದರೆ ಮುಂದೆಯೂ ಕೊಳ್ಳುವ ಮಾತು. ಅವ್ವ ಮೂರು ತಿಂಗಳು ಕೂತು ಹೊಲಿದಳು. ಕೊಡಲು ಹೊರಡುವ ಹಿಂದಿನ ದಿನ ಅವಳು ಹತ್ತಿಕುಣಿಯ ತವರಿಗೆ ಹೋಗಿ ಬರುವಷ್ಟರಲ್ಲಿ ನಾನು ಬ್ಲೇಡಿನಿಂದ ಇಪ್ಪತ್ತೂ ಮೂಲೆ ಬಿಚ್ಚಿ, ಚೂರು ತೆಗೆದು, ಮತ್ತೆ ಹೊಲಿದಿಟ್ಟೆ.

ಬಸ್ಸಿನಲ್ಲಿ ಅವ್ವ ಗಂಟನ್ನು ತೊಡೆಯ ಮೇಲೆಯೇ ಇಟ್ಟುಕೊಂಡಳು. ಅವಳ ಬೆರಳು ಅದರ ಮೇಲೆ ಆಡಿದಾಗಲೆಲ್ಲ ನಾನು ಕಿಟಕಿಯಾಚೆ ಏನನ್ನೋ ತೋರಿಸುತ್ತಿದ್ದೆ.

ಯಜಮಾನಿ ಹಿರಿಯಾಕೆ. ಬಣ್ಣ ನೋಡಲಿಲ್ಲ, ಹೊಲಿಗೆ ನೋಡಲಿಲ್ಲ. ಮೊದಲು ಮೂಲೆ ಹಿಚುಕಿದರು. ಒಂದು ಕೌದಿ, ಎರಡು, ಮೂರು.

"ತಂಗಿ, ಇವು ಉಪಾಸ ಅದಾವಲ್ಲ. ಮಂದಿ ಕೂಸಿಗಿ, ಬಾಣಂತಿಗಿ ಅಂತ ಒಯ್ತಾರ. ಇಂಥಾವ ಹೆಂಗ ಕೊಡ್ಲಿ?"

ಅವ್ವ ತಾನೇ ಮುಟ್ಟಿ ನೋಡಿದಳು. ಆ ಹೊಲಿಗೆ ಯಾರದೆಂದು ತಿಳಿಯಲು ಅವಳಿಗೆ ಹೊತ್ತು ಹಿಡಿಯಲಿಲ್ಲ. ಇಲಿಯ ಕಥೆ ನನ್ನ ನಾಲಿಗೆಯ ತುದಿಯಲ್ಲಿತ್ತು. ಒಳ್ಳೆಯ ವಾದವೇ. ಆದರೆ ಅದನ್ನು ಹೇಳಿದರೆ ಬಿಚ್ಚಿದವಳು ನಾನೆಂದೂ ಹೇಳಬೇಕಿತ್ತು.

"ನಂದ ತಪ್ಪಾಗ್ಯಾದ್ರಿ ಅಕ್ಕಾರ," ಎಂದಳು ಅವ್ವ.

ಅದನ್ನು ಕೇಳಿಕೊಂಡು ನಿಲ್ಲಲಾಗಲಿಲ್ಲ. "ನಾ ಬಿಚ್ಚೀನ್ರಿ. ಅವ್ವಗ ಗೊತ್ತಿಲ್ಲ."

ಯಜಮಾನಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಂಗಡಿ ಹಿಂದಿನ ಮನೆಯೊಳಗೆ ಹೋಗಿ, ಒಂದು ಒಣ ರೊಟ್ಟಿ ತಂದಿಟ್ಟರು. ಅವ್ವ ಸೂಜಿ ನನ್ನ ಮುಂದೆ ಹಿಡಿದಳು.

"ಬಿಚ್ಚಾಕ ಬರ್ತದಲ್ಲ. ಹೊಲಿ."

ಗಿರಾಕಿಗಳು ಬಂದು ಹೋಗುವ ಅಂಗಡಿಯ ನೆಲದ ಮೇಲೆ ಕೂತು ಹೊಲಿದೆ. ಸೊಟ್ಟಗಾದ ಮೂಲೆಗಳನ್ನು ಅವ್ವ ಬಿಚ್ಚಿ ಮತ್ತೆ ನನ್ನ ಕೈಗೇ ಕೊಟ್ಟಳು. ಕೌದಿಗೆ ಹೊಟ್ಟೆಯಿಲ್ಲ ಎಂದು ಇವತ್ತಿಗೂ ವಾದಿಸಬಲ್ಲೆ. ಅವತ್ತು ಮಾತ್ರ ಆ ವಾದ ಯಾರಿಗೂ ಬೇಕಿರಲಿಲ್ಲ.

ಸಂಜೆಗೆ ಯಜಮಾನಿ ಐದನ್ನೂ ಇಟ್ಟುಕೊಂಡರು. ಮುಂದೆ ಕೊಳ್ಳುವ ಮಾತು ಎತ್ತಲಿಲ್ಲ. ನಾನು ಕೇಳಲೆಂದು ಬಾಯಿ ತೆರೆದೆ. ಅವ್ವ ನನ್ನ ಮುಂಗೈ ಒತ್ತಿ ಹಿಡಿದು ಮೆಟ್ಟಿಲು ಇಳಿಸಿದಳು.