ಹೊರಗಿನ ತಂಡಕ್ಕಿಲ್ಲದ ಬನ್ನು

ಏಲಕ್ಕಿ ಬನ್ನಿಗೆ ಕೈ ಹಾಕಿದ್ದೆನಷ್ಟೆ. ಪಂದ್ಯಕ್ಕೆ ಕರೆದ ಕ್ಲಬ್ಬಿನ ಮೇಜಿನ ಹಿಂದಿದ್ದ ಹೆಂಗಸು ನಗುನಗುತ್ತಲೇ ತಟ್ಟೆಯನ್ನು ತನ್ನತ್ತ ಎಳೆದುಕೊಂಡು, "ಸಾರಿ, ಇದು ನಮ್ಮ ತಂಡಕ್ಕೆ ಮಾತ್ರ" ಎಂದು ಸ್ವೀಡಿಷ್‌ನಲ್ಲಿ ಹೇಳಿ, ಮೇಲೊಂದು ಹೂವಿನ ಬಟ್ಟೆ ಮುಚ್ಚಿದಳು.

ನಮ್ಮೂರು ಉಪ್ಸಾಲಾದಿಂದ ಮೂರು ಗಂಟೆ ಬಸ್ಸಿನಲ್ಲಿ ಬಂದು ರಗ್ಬಿ ಲೀಗ್ ಪಂದ್ಯ ಆಡಿದ ನನ್ನ ಮಗಳು ನಿಶಾ ಮತ್ತು ಅವಳ ಗೆಳತಿಯರು ಕೆಸರುಬಟ್ಟೆಯಲ್ಲೇ ಚಳಿಗೆ ನಡುಗುತ್ತ ನಿಂತಿದ್ದರು. ಬಂದವರು ಬಟ್ಟೆ ಬದಲಿಸುವ ಕೋಣೆಗೆ ಬೀಗ. ಕೀಲಿ ಯಾರ ಹತ್ತಿರ ಇದೆಯೆಂದು ಯಾರಿಗೂ ಗೊತ್ತಿಲ್ಲವಂತೆ! ಕರೆಯೋಲೆಯಲ್ಲಿ ಮಾತ್ರ 'ಪಂದ್ಯದ ನಂತರ ಫೀಕಾ' ಎಂದಿತ್ತು. ಫೀಕಾ ಎಂದರೆ ಇಲ್ಲಿ ಕಾಫಿ-ತಿಂಡಿ. ಕರೆದವರು ಕೊಡದೆ ಇರುತ್ತಾರೆಯೇ ಎಂದುಕೊಂಡು ನಾನು ಚಿತ್ರಾನ್ನ ಕಟ್ಟಿಕೊಂಡು ಹೋಗಿರಲಿಲ್ಲ. ಹಸಿದ ಹುಡುಗಿಯರು ಹಾಗೆಯೇ ಬಸ್ಸು ಹತ್ತಿದರು.

"ಅಮ್ಮಾ, ನೆಕ್ಸ್ಟ್ ಮ್ಯಾಚಿಗೆ ಅವ್ರು ನಮ್ಮೂರಿಗೇ ಬರ್ತಾರಲ್ಲ, ಆಗ ನೀನೂ ಏನೂ ಕೊಡ್ಬೇಡ, ಪ್ಲೀಸ್!" ಎಂದಳು ನಿಶಾ, ಹಲ್ಲು ಕಟಕಟಿಸುತ್ತ.

ಬರಲಿ. ಎಲ್ಲರಿಗೂ ಬಿಸಿಬಿಸಿ ಉಪ್ಪಿಟ್ಟು ಮಾಡುತ್ತೇನೆ. ಕೋಪ ತೀರಿಸಿಕೊಳ್ಳಲು ನನಗೆ ಬೇರೆ ದಾರಿ ಗೊತ್ತಿಲ್ಲ. ಆ ಹೆಂಗಸಿಗೆ ನಾನೇ ನಿಂತು ಬಡಿಸಿ, ಅವಳು ಸಾಕು ಸಾಕು ಎಂದು ತಟ್ಟೆಗೆ ಕೈ ಅಡ್ಡ ಹಿಡಿದರೂ ಇನ್ನೊಂದು ಸೌಟು ಹಾಕದೆ ಬಿಡುವುದಿಲ್ಲ.