ನಿಂತುಳಿದವರ ಲೆಕ್ಕ

ದೆಹಲಿಯ ಸಾರಿಗೆಯ ಚರಿತ್ರೆ ಬರೆಯುವವರು ಮೆಟ್ರೋದಿಂದ ಆರಂಭಿಸುತ್ತಾರೆ. ಜನಕಪುರಿಯ ಆಚೆಗಿರುವ ನಮ್ಮ ಉಪನಗರ ಬಸ್ ನಿಲ್ದಾಣಕ್ಕೆ ಅದರಲ್ಲಿ ಒಂದು ಸಾಲೂ ಸಿಗಲಿಕ್ಕಿಲ್ಲ. ಮೂವತ್ತನಾಲ್ಕು ವರ್ಷ ಅಲ್ಲಿ ದುಡಿದು, ಮೇಲ್ವಿಚಾರಕರಾಗಿ ನಿವೃತ್ತರಾದ ಶ್ರೀಮತಿ ಚಿಣ್ಣಮ್ಮನವರನ್ನು ಕುರಿತು ಬರೆಯುವುದೆಂದರೆ ಆ ನಿಲ್ದಾಣದ ಚರಿತ್ರೆಯನ್ನೇ ಬರೆದಂತೆ.

ಸೈನ್ಯದಲ್ಲಿದ್ದ ಪತಿಯೊಂದಿಗೆ ಕೊಡಗಿನಿಂದ ಬಂದ ಅವರು ಕೆಲಸಕ್ಕೆ ಸೇರಿದಾಗ ಅಲ್ಲಿದ್ದದ್ದು ತಗಡಿನ ಚಪ್ಪರ ಮತ್ತು ನೀರಿನ ಡ್ರಮ್ಮು. ಇಂದಿನ ಆರು ಪ್ಲಾಟ್‌ಫಾರ್ಮುಗಳು, ದೀಪ ಉರಿಯುವ ಮಹಿಳಾ ಶೌಚಾಲಯ ಅವರು ಬರೆದ ಅರ್ಜಿಗಳ ಫಲ.

ಬೇರೆಡೆ ಬಸ್ ಹತ್ತಿದವರನ್ನಷ್ಟೇ ಎಣಿಸುತ್ತಾರೆ. ಚಿಣ್ಣಮ್ಮನವರು ಬಸ್ ಹೋದ ಮೇಲೆ ನಿಂತುಳಿದವರನ್ನೂ ಎಣಿಸಿ, ರಿಜಿಸ್ಟರಿನಲ್ಲಿ ತಾವೇ ಸ್ಕೇಲಿಟ್ಟು ಎಳೆದ ಕಾಲಮ್ಮಿನಲ್ಲಿ ಬರೆಯುತ್ತಿದ್ದರು. ರಿಜಿಸ್ಟರು ಕೆಡಿಸಿದಿರೆಂದು ನೋಟಿಸು ಬಂದಾಗ ಅವರು ಕಳಿಸಿದ ಉತ್ತರ ಒಂದೇ ಸಾಲು: "ಗೆರೆ ನೇರವಾಗಿಯೇ ಇದೆ."

ನಾನು ಬಿ.ಎಸ್ಸಿ. ಓದುತ್ತಿದ್ದಾಗ, ಪರೀಕ್ಷೆಯ ಬೆಳಿಗ್ಗೆ, ಏಳೂ ನಲವತ್ತರ ಬಸ್ಸಿನಲ್ಲಿ ಜಾಗ ಸಿಗದೆ ಉಳಿದೆ. ಚಿಣ್ಣಮ್ಮನವರು ರಿಜಿಸ್ಟರಿನಲ್ಲಿ ಏನನ್ನೋ ಬರೆದುಕೊಂಡರು.

"ಏನ್ ಬರೆದ್ರಿ ಆಂಟಿ?"

"ನಿನ್ನನ್ನೇ. ಬಸ್ಸಲ್ಲಿ ಜಾಗ ಸಿಗದಿದ್ರೆ ಲೆಕ್ಕದಲ್ಲಾದ್ರೂ ಸಿಗ್ಲಿ," ಎಂದವರು, ಡಿಪೋಗೆ ಹೊರಟಿದ್ದ ಸಿಬ್ಬಂದಿ ಬಸ್ಸನ್ನು ತಡೆದು ನನ್ನನ್ನು ಹತ್ತಿಸಿದರು. ಅಳತೆಯಲ್ಲಿ ಬಿಟ್ಟುಹೋದದ್ದನ್ನೂ ನಮೂದಿಸಬೇಕೆಂದು ಪ್ರಯೋಗಾಲಯಕ್ಕಿಂತ ಮೊದಲು ನನಗೆ ಕಲಿಸಿದವರು ಅವರೇ.

ಕಳೆದ ವರ್ಷ ಜೂನ್ ತಿಂಗಳ ಒಂದು ಮಧ್ಯಾಹ್ನ, ಎರಡು ಗಂಟೆಯ ಬಿಸಿಲಿನಲ್ಲಿ ಅಧಿಕಾರಿಗಳು ಬಂದು ನಾಲ್ವರು ಪ್ರಯಾಣಿಕರನ್ನು ಎಣಿಸಿದರು. ನಿಲ್ದಾಣ ಮುಚ್ಚಿ ಕಾರ್ ಪಾರ್ಕಿಂಗ್ ಮಾಡುವುದೆಂದು ತೀರ್ಮಾನವಾಯಿತು. ಒಪ್ಪಿಗೆಯ ಸಹಿ ಕೇಳಿದಾಗ ಚಿಣ್ಣಮ್ಮನವರು ಇಪ್ಪತ್ತಾರು ರಿಜಿಸ್ಟರುಗಳನ್ನು ಮೇಜಿನ ಮೇಲಿಟ್ಟರು. ಗುರುಗ್ರಾಮದ ಮನೆಗೆಲಸಕ್ಕೆ, ಕಾವಲಿನ ಕೆಲಸಕ್ಕೆ ಹೊರಟು ಪ್ರತಿ ಬೆಳಿಗ್ಗೆ ನಿಂತುಳಿದ ಎಪ್ಪತ್ತು, ಎಂಬತ್ತು ಜನ ಅವುಗಳಲ್ಲಿದ್ದರು.

"ಮೇಡಂ ಜೀ, ನಿಮಗೆ ರಿಟೈರ್ ಆಗೋಕೆ ಐದೇ ತಿಂಗಳು. ಯಾಕೆ ತಲೆನೋವು?" ಎಂದರಂತೆ ಒಬ್ಬರು.

"ಅಚ್ಛಾ. ಹಾಗಾದ್ರೆ ಐದು ತಿಂಗಳು ಬಾಕಿ ಇದೆ."

ಅವರು ಸಹಿ ಹಾಕಲಿಲ್ಲ. ಆದೇಶ ರದ್ದಾಗಿಲ್ಲ, ತಡೆಹಿಡಿಯಲಾಗಿದೆಯಷ್ಟೆ. ಅವರ ನಿವೃತ್ತಿಗೇ ಕಾದಿದ್ದ ಅಧಿಕಾರಿಗಳು ನಿಂತುಳಿದವರ ಕಾಲಮ್ಮಿಲ್ಲದ ಹೊಸ ರಿಜಿಸ್ಟರು ಕಳಿಸಿದರು.

ನಿವೃತ್ತಿಯ ಮರುದಿನ ಬೆಳಿಗ್ಗೆ ನಾನೂ ಅಲ್ಲಿದ್ದೆ. ಚಿಣ್ಣಮ್ಮನವರು ಏಳೂ ನಲವತ್ತರ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟವರು, ಹಿಂದಿದ್ದ ಹೆಂಗಸಿಗೆ ದಾರಿ ಬಿಟ್ಟು ಇಳಿದುಬಿಟ್ಟರು. ಬಸ್ ಹೋಯಿತು. ಅವರು ಹೊಸ ಸಮಯಪಾಲಕನ ಕಿಟಕಿಗೆ ಹೋಗಿ, ಚೀಲದಿಂದ ಸ್ಕೇಲು ತೆಗೆದು ಅವನ ಮುಂದಿಟ್ಟರು.

"ಭಯ್ಯಾ, ನಾನು ಉಳಿದೆ. ಬರೆದುಕೋ."

ಆತ ಹೊಸ ರಿಜಿಸ್ಟರು ತೆರೆದು, ಸ್ಕೇಲಿಟ್ಟು ಗೆರೆ ಎಳೆದ.

ಅವರಿಗೆ ನೂರು ವರ್ಷ ತುಂಬಲಿ. ಆ ನೂರನೆಯ ವರ್ಷದಲ್ಲೂ ಅವರು ಹತ್ತಲು ಈ ನಿಲ್ದಾಣದಿಂದಲೇ ಬಸ್ ಹೊರಡಲಿ.